ನಿಂತ ನೆಲದ ಮೇಲೆ ನಿಲ್ಲಲಾರದ ಕಂಡಕ್ಟರ್

ನಮ್ಮಣ್ಣ ಬಸ್ ಕಂಡಕ್ಟರ್. ಓಡುವ ಬಸ್ಸಿನಲ್ಲಿ ಕಂಬಿ ಮುಟ್ಟದೆ, ಒಂದು ಕೈಯಲ್ಲಿ ಟಿಕೆಟ್ ಯಂತ್ರ, ಇನ್ನೊಂದರಲ್ಲಿ ಯಾರದೋ ಮಗುವನ್ನು ಹಿಡಿದುಕೊಂಡು ಹಿಂದಿನ ಸೀಟಿನವರ ಜಗಳ ಬಿಡಿಸಬಲ್ಲವನು. ಅಂಥವನು ಬಿದ್ದದ್ದು ನಿಂತ ಬಸ್ಸಿನಲ್ಲಿ. ಡಿಪೋದಲ್ಲಿ ಬಸ್ಸು ಖಾಲಿಯಾದ ಮೇಲೆ, ಯಾರೋ ಬಿಟ್ಟುಹೋದ ಕೊಡೆ ಎತ್ತಲು ಸೀಟಿನ ಕೆಳಗೆ ಬಗ್ಗಿದ. ಏಳುವಾಗ ತಲೆಯನ್ನು ಕಬ್ಬಿಣದ ಕಂಬಿಗೆ ಬಡಿದುಕೊಂಡು ಅಲ್ಲೇ ಪ್ರಜ್ಞೆ ತಪ್ಪಿದ. ಆ ಕೊಡೆ ಅವನದೇ ಆಗಿತ್ತು ಎಂಬುದನ್ನು ಇಂದಿಗೂ ಒಪ್ಪುವುದಿಲ್ಲ.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ, ಒಳಗೆ ರಕ್ತ ಸೋರಿಲ್ಲ, ಆದರೆ ಪೆಟ್ಟಿಗೆ ಮೆದುಳು ಅಲುಗಿದೆ, ಸ್ವಲ್ಪ ಕಾಲ ತಲೆಸುತ್ತು ಇರುತ್ತದೆ ಎಂದರು. ಸ್ವಲ್ಪವೇ? ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೆ ಮನೆ ಗಿರ್ರನೆ ತಿರುಗುತ್ತಿತ್ತು. ಎದ್ದು ನಿಂತರೆ ನೆಲ ಎಡಕ್ಕೆ ವಾಲುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಮ್ಮಣ್ಣನಿಗೆ ಕುಣಿಯುವ ಆಸೆಯೇನೂ ಇರಲಿಲ್ಲ, ಬಚ್ಚಲಿಗೆ ಹೋಗಿ ಬಂದರೆ ಸಾಕಾಗಿತ್ತು.

ಡಿಪೋದ ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು. ನೆಲಕ್ಕೆ ಬಳಿದ ಬಿಳಿ ಗೆರೆಯ ಮೇಲೆ ನೇರವಾಗಿ ನಡೆದು ತೋರಿಸಿದರೆ ಬಸ್ಸು, ಇಲ್ಲದಿದ್ದರೆ ಪ್ರಯಾಣಿಕರು ಮರೆತುಹೋದ ಸಾಮಾನಿಡುವ ಕೋಣೆಯಲ್ಲಿ ಕುರ್ಚಿ, ಅದೂ ನಿವೃತ್ತಿಯವರೆಗೆ. ಲೋಕವೆಲ್ಲ ಕುರ್ಚಿಗಾಗಿ ಹೊಡೆದಾಡುತ್ತದೆ, ನಮ್ಮಣ್ಣ ಕುರ್ಚಿಯ ಹೆಸರೆತ್ತಿದರೆ ಅಳುತ್ತಿದ್ದ. ಬಸ್ಸು ಹೋದರೆ ತಾನು ಯಾರೂ ಅಲ್ಲ ಎನ್ನುತ್ತಿದ್ದ. ನನಗೆ ಸಿಟ್ಟು ಬರುತ್ತಿತ್ತು, ಆದರೆ ಅವನ ಮುಖ ನೋಡಿ ಇನ್ನೊಂದು ಲೋಟ ಕಾಫಿ ಮಾಡಿಕೊಡುತ್ತಿದ್ದೆ.

ಆಸ್ಪತ್ರೆಯಲ್ಲಿ ಒಂದು ವ್ಯಾಯಾಮ ಹೇಳಿಕೊಟ್ಟಿದ್ದರು. ಹೆಬ್ಬೆರಳನ್ನು ಕಣ್ಣ ಮುಂದೆ ಹಿಡಿದು, ನೋಟ ಅಲ್ಲೇ ನೆಟ್ಟು, ತಲೆಯನ್ನು ಅತ್ತಿತ್ತ ಆಡಿಸಬೇಕು. ಅಣ್ಣ ಶ್ರದ್ಧೆಯಿಂದ ಆಡಿಸುತ್ತಿದ್ದಾಗ ಪಕ್ಕದ ಮನೆಯವರು ಏಣಿ ಕೇಳಲು ಬಂದರು. ಹೆಬ್ಬೆರಳು ತೋರಿಸುತ್ತಾ ತಲೆಯಾಡಿಸಿದವನನ್ನು ನೋಡಿ ಹಿಂದಿರುಗಿದವರು ಇವತ್ತಿಗೂ ನಮ್ಮೊಂದಿಗೆ ಮಾತಾಡಿಲ್ಲ.

ಮತ್ತೊಮ್ಮೆ ಆಸ್ಪತ್ರೆಗೆ ತೋರಿಸಬೇಕಿತ್ತು. ಅತ್ತಿಗೆ ಒಂದು ಕಡೆ, ನಾನೊಂದು ಕಡೆ ಹಿಡಿದು ಅವನನ್ನು ಬಸ್ಸಿಗೆ ಹತ್ತಿಸಿದೆವು. ಬಸ್ಸು ಮೊದಲ ಗುಂಡಿಗೆ ಇಳಿದು ಎದ್ದದ್ದೇ ತಡ, ಅಣ್ಣ ಎದ್ದು ನೆಟ್ಟ ಕಂಬದ ಹಾಗೆ ನಿಂತ. ಬಸ್ಸು ನಿಂತಾಗ ಅತ್ತಿಗೆಯ ಮಡಿಲಿಗೆ ಬಿದ್ದ. ನಮಗೆ ಅರ್ಥವಾಯಿತು: ಕಾಲಡಿಯ ನೆಲ ಅಲುಗಾಡಿದರೆ ನಿಲ್ಲುತ್ತಾನೆ, ಸುಮ್ಮನಿದ್ದರೆ ಉರುಳುತ್ತಾನೆ.

ಅಂದಿನಿಂದ ಮನೆಯೇ ಬಸ್ಸಾಯಿತು. ಗೋಡೆಯಿಂದ ಗೋಡೆಗೆ ಹಗ್ಗ ಕಟ್ಟಿ, ಹಿಡಿದುಕೊಳ್ಳಲು ಟವೆಲ್ಲುಗಳನ್ನು ಇಳಿಬಿಟ್ಟೆವು. ನೋಡಲು ಬಂದ ನೆಂಟರೂ ಅವನ್ನೇ ಹಿಡಿದು ನಿಂತು ಕ್ಷೇಮ ವಿಚಾರಿಸಿದರು. ಅಣ್ಣ ಏಳುವಾಗ ನಾನು ಮಂಚ ಅಲುಗಾಡಿಸಬೇಕು. ನಡೆಯುವಾಗ ಅತ್ತಿಗೆ ಮುಂದೆ, ಅವನು ಹಿಂದೆ. ಒಲೆಯ ಹತ್ತಿರ ಒಂದು ಸ್ಟಾಪು, ಕಿಟಕಿಯ ಹತ್ತಿರ ಇನ್ನೊಂದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ನಾನು ಗೊಣಗಿದೆ. ಅತ್ತಿಗೆ ಗೊಣಗಲಿಲ್ಲ. ಮದುವೆಯಾದಾಗಿನಿಂದ ಗಂಡ ಹಗಲು ಹೊತ್ತು ಇಷ್ಟು ದಿನ ಮನೆಯಲ್ಲಿದ್ದದ್ದೇ ಇಲ್ಲ, ಇರಲಿ ಬಿಡು ಎಂದರು.

ಪರೀಕ್ಷೆಯ ದಿನ ಬಂತು. ಅಣ್ಣನ ಬಸ್ಸಿನ ಡ್ರೈವರನ್ನು, ಅವನು ಓಡಿಸುವ ವೇಗ ನೋಡಿ ಎಲ್ಲರೂ ಮೆಲ್ಲಪ್ಪ ಎನ್ನುತ್ತಾರೆ. ಅವನೊಂದು ಉಪಾಯ ಹೂಡಿದ. ಬಸ್ಸನ್ನು ಡಾಕ್ಟರ ಕೋಣೆಯ ಕಿಟಕಿಗೆ ಒತ್ತಿ ನಿಲ್ಲಿಸಿ ಎಂಜಿನ್ ರೇಸ್ ಮಾಡಿದ. ಗಾಜು, ಮೇಜು, ಡಾಕ್ಟರ ಕನ್ನಡಕ ಎಲ್ಲವೂ ನಡುಗಿದವು. ಅಣ್ಣ ಗೆರೆಯ ಮೇಲೆ ಅರ್ಧ ದಾರಿ ಚೆನ್ನಾಗಿಯೇ ನಡೆದ. ಅಷ್ಟರಲ್ಲಿ ಡಾಕ್ಟರು ರೇಗಿ ಎದ್ದುಹೋಗಿ, ಬಸ್ಸು ಹತ್ತಿ ಮೆಲ್ಲಪ್ಪನನ್ನು ಬೈಯತೊಡಗಿದರು. ಕೈಕಾಲು ಹಿಡಿದಾದರೂ ಒಪ್ಪಿಸೋಣವೆಂದು ನಾನೂ ಅತ್ತಿಗೆಯೂ ಅಣ್ಣನನ್ನು ಎಳೆದುಕೊಂಡು ಹಿಂದೆಯೇ ಹತ್ತಿದೆವು. ಬಾಗಿಲಲ್ಲಿ ಕಾಲಿಟ್ಟದ್ದೇ, ಎಷ್ಟೋ ವರ್ಷದ ಅಭ್ಯಾಸ ನೋಡಿ, ಅಣ್ಣನ ಬಾಯಿಂದ "ರೈಟ್" ಎಂದು ಬಂತು. ಆ ಮಾತು ಕಿವಿಗೆ ಬಿದ್ದರೆ ಮೆಲ್ಲಪ್ಪ ಏಕೆ, ಎಲ್ಲಿಗೆ ಎಂದು ಕೇಳುವವನಲ್ಲ. ಬಸ್ಸು ಹೊರಟಿತು.

ಡಾಕ್ಟರು ತೂರಾಡಿಕೊಂಡು ಹಿಂದಿನ ಸೀಟಿನವರೆಗೆ ಹೋಗಿ ನೆಲಕ್ಕೆ ಕುಕ್ಕರಿಸಿದರು. ನಿಲ್ಲಿಸು ಎಂದು ಕೂಗಿದರೆ, ಕಂಡಕ್ಟರ್ ಹೇಳದೆ ನಿಲ್ಲಿಸುವ ಹಾಗಿಲ್ಲ ಎಂದು ಮೆಲ್ಲಪ್ಪ ವಿನಯದಿಂದ ತಿಳಿಸಿದ. ಅಣ್ಣ ಸೀಟುಗಳ ನಡುವೆ ನೆಟ್ಟಗೆ ನಡೆದುಹೋಗಿ, ಅವರನ್ನು ಎಬ್ಬಿಸಿ ಕೂರಿಸಿ, "ಎಲ್ಲಿಗೆ ಸಾರ್?" ಎಂದ.

ಡಾಕ್ಟರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಈಗ ತಲೆ ಸುತ್ತಲ್ವಾ?"

"ಇಲ್ಲ ಸಾರ್. ಇಳಿದ್ರೆ ಸುತ್ತುತ್ತೆ."

ಬಸ್ಸು ಊರೆಲ್ಲ ಸುತ್ತಿ ಬರುವವರೆಗೆ ಡಾಕ್ಟರು ಯೋಚಿಸಿ, ಅಲ್ಲೇ ಬರೆದುಕೊಟ್ಟರು. ಓಡುವ ಬಸ್ಸಿನಲ್ಲಿ ಕೆಲಸಕ್ಕೆ ಅರ್ಹ, ನೆಲದ ಮೇಲೆ ಅನರ್ಹ. ಬಸ್ಸು ನಿಂತಾಗ ಕೂರತಕ್ಕದ್ದು. ಕೊನೆಯ ಸ್ಟಾಪಿನಿಂದ ಮನೆಗೆ ಹೆಂಡತಿ ಕೈಹಿಡಿದು ಕರೆದೊಯ್ಯತಕ್ಕದ್ದು. ಮೇಲಿನವರು ಎಂದಿನಂತೆ ಓದದೆ ಸಹಿ ಹಾಕಿದರು.

ಹೀಗೆ ಅಣ್ಣನಿಗೆ ಬಸ್ಸು ಸಿಕ್ಕಿತು. ದಿನವೂ ಸಂಜೆ ಅತ್ತಿಗೆ ಕೊನೆಯ ಸ್ಟಾಪಿಗೆ ಹೋಗುತ್ತಾರೆ. ಇಬ್ಬರೂ ಕೈ ಕೈ ಹಿಡಿದು, ಬೀದಿಯವರೆಲ್ಲ ನೋಡುತ್ತಿದ್ದರೂ ಲೆಕ್ಕಿಸದೆ, ಮಾತಾಡಿಕೊಂಡು ಬರುತ್ತಾರೆ. ಅವರಿಬ್ಬರಿಗೆ ಮಾತಾಡಲು ಇಷ್ಟೊಂದಿದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಮೊನ್ನೆ ನಾನು ಅದೇ ಸ್ಟಾಪಿನ ಎದುರು ತರಕಾರಿ ಕೊಳ್ಳುತ್ತಿದ್ದೆ. ಅಣ್ಣ ಬಸ್ಸಿನಿಂದ ಚಂಗನೆ ಹಾರಿದ. ಒಬ್ಬ ಮುದುಕಿಯ ಗಂಟನ್ನು ತಲೆಯ ಮೇಲೆ ಹೊತ್ತು, ವಾಹನಗಳ ನಡುವೆ ನುಸುಳಿ ಅವಳನ್ನು ರಸ್ತೆ ದಾಟಿಸಿ, ಓಡಿ ವಾಪಸ್ಸು ಹೋಗಿ ಬಸ್ಸಿನ ಮೆಟ್ಟಿಲ ಮೇಲೆ ಕೂತ. ಅತ್ತಿಗೆ ಬಂದಾಗ ನಡುಗುವ ಕೈ ಚಾಚಿದ.

ನನ್ನ ಮೈ ಉರಿದುಹೋಯಿತು. ಮನೆಗೆ ಬಂದವಳೇ ಅತ್ತಿಗೆಯನ್ನು ಅಡುಗೆಮನೆಗೆ ಕರೆದು, ಕಂಡದ್ದನ್ನೆಲ್ಲ ಹೇಳಿದೆ. ಅವರು ಒಲೆಯ ಉರಿ ಸಣ್ಣ ಮಾಡಿದರು.

"ನಾನೂ ನೋಡ್ದೆ ಕಣೇ. ಆ ಮೂಲೇಲೇ ಸ್ವಲ್ಪ ಹೊತ್ತು ನಿಂತಿದ್ದೆ, ನಿಮ್ಮಣ್ಣ ವಾಪಸ್ ಬಂದು ಕೂತ್ಕೊಳ್ಳಲಿ ಅಂತ."