ಅಕ್ಷರದ ಹೆಗಲ ಮೇಲಿನ ಮೂರು

2023ರಲ್ಲಿ ನಾನು ಕೊಯಮತ್ತೂರಿನಲ್ಲಿ ಮೂರು ಜನರ ಪುಟ್ಟ ಕಚೇರಿಯೊಂದನ್ನು ನಡೆಸುತ್ತಿದ್ದೆ. ಅಚ್ಚಾದ ಪುಸ್ತಕ, ಕೈಪಿಡಿ, ವರದಿಗಳನ್ನು ವೆಬ್ ಪುಟಗಳಾಗಿ ಮಾಡಿಕೊಡುವುದು ನಮ್ಮ ಕೆಲಸ. ಮೈಸೂರಿನಿಂದ ಮದುವೆಯಾಗಿ ಬಂದ ನಾನು ತಮಿಳು ಓದಲು ಕಲಿತದ್ದು ಇಲ್ಲಿನ ಆಫ್‌ಸೆಟ್ ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಾ. ನಾವು ಬಳಸುತ್ತಿದ್ದುದೆಲ್ಲ ಉಚಿತ, ಮುಕ್ತ ತಂತ್ರಾಂಶ: ಪುಟದ ಚಿತ್ರದಿಂದ ಅಕ್ಷರಗಳನ್ನು ಗುರುತಿಸುವ ಓಸಿಆರ್ ಕೆಲಸಕ್ಕೆ ಟೆಸೆರಾಕ್ಟ್, ತಿದ್ದುವುದಕ್ಕೆ ಲಿಬ್ರೆಆಫೀಸ್.

ಆ ವರ್ಷ ಆಡಿ, ಅಂದರೆ ಇಲ್ಲಿನ ಆಷಾಢ ತಿಂಗಳ ಕೊನೆಯಲ್ಲಿ ಅನ್ನೂರಿನ ರಂಗಸಾಮಿ ತಮ್ಮ ಮಗಳು ಕವಿತಾಳೊಂದಿಗೆ ಬಂದರು. ತಲೆಮಾರುಗಳಿಂದ ಇಲ್ಲೇ ನೆಲೆಸಿದ ಕನ್ನಡದ ನೇಕಾರ ಮನೆತನ ಅವರದು. ಮಗಳು ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಕೆಲಸಕ್ಕಿದ್ದಳು. ಪೋತ್ತನೂರಿನ ರೈಲ್ವೆ ನೌಕರನೊಬ್ಬನ ಜೊತೆ ಅವಳ ಮದುವೆ ಗೊತ್ತಾಗಿತ್ತು, ಮುಂದಿನ ತಿಂಗಳು ಆವಣಿಯಲ್ಲಿ ನಿಶ್ಚಿತಾರ್ಥ. ಅಷ್ಟರಲ್ಲಿ ಹುಡುಗನ ದೊಡ್ಡಪ್ಪ ಸುಬ್ಬಣ್ಣನವರು ಸಮುದಾಯದ ವೆಬ್‌ಸೈಟಿನಲ್ಲಿ ಕುಲಗಳ ಪುಟ ನೋಡಿ, ಮದುವೆ ಬೇಡ ಎಂದುಬಿಟ್ಟಿದ್ದರು. ಎರಡೂ ಮನೆತನಗಳು ಅಲ್ಲಿ ‘ಕಿಂಡಿ’ ಎಂಬ ಒಂದೇ ಕುಲದ ಕೆಳಗಿದ್ದವು. ಒಂದೇ ಕುಲದವರೆಂದರೆ ಅಣ್ಣ ತಂಗಿ.

“ನಾವು ಗಿಂಡಿಯವ್ರು ಅಂತ ನಮ್ಮಪ್ಪ ಹೇಳ್ತಿದ್ರಮ್ಮಾ, ಅವ್ರು ಕಿಂಡಿಯವ್ರು,” ಎಂದರು ರಂಗಸಾಮಿ. “ಎಲ್ಲಾ ಒಂದೇ, ಊರಿಗೊಂದು ಉಚ್ಚರಿಪ್ಪು ಅಂತಾರೆ ಆ ದೊಡ್ಡಪ್ಪ. ಕಂಪ್ಯೂಟರ್ ಪೊಯ್ ಹೇಳುತ್ತಾ, ಸುಳ್ಳು ಹೇಳುತ್ತಾ ಅಂತ ನನ್ನೇ ಕೇಳ್ತಾರೆ.”

ಕವಿತಾ ನಗಲು ನೋಡಿದಳು, ಆಗಲಿಲ್ಲ. “ಎರಡು ತಿಂಗಳಿಂದ ಫೋನಲ್ಲಿ ಮಾತಾಡ್ತಿದೀವಿ ಅಕ್ಕಾ. ನಿನ್ನೆವರೆಗೂ ಮಾಪಿಳ್ಳೆ, ಮದ್ವೆ ಗಂಡು. ಇವತ್ತು ಅಣ್ಣ ಅಂತ ಹೆಂಗ್ ಕೂಗ್ಲಿ?”

ಇಲ್ಲಿನ ಹಳೆಯ ಕನ್ನಡ ಮನೆಗಳಲ್ಲಿ ಕನ್ನಡ ಲಿಪಿ ಬಲ್ಲವರು ಕಡಿಮೆ. ವೆಬ್‌ಸೈಟಿಗೆ ಮೂಲವಾದ ಕುಲಗಳ ಪುಸ್ತಕವೂ ಕನ್ನಡ ಹೆಸರುಗಳನ್ನು ತಮಿಳು ಲಿಪಿಯಲ್ಲಿ ಅಚ್ಚು ಮಾಡಿದ್ದು. ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ನೀರಿನ ಗಿಂಡಿ, ಗೋಡೆಯ ಕಿಂಡಿ ಎರಡನ್ನೂ ಒಂದೇ ಥರ ಬರೆಯಬೇಕು. ಹಾಗಿರುವಾಗ ಪುಸ್ತಕ ಬರೆದವರು ಎರಡು ಕುಲಗಳನ್ನು ಹೇಗೆ ಬೇರೆ ಮಾಡಿದ್ದರು?

ವೆಬ್‌ಸೈಟನ್ನು ಮಾಡಿದ್ದವರು ಬೇರೆ ಯಾರೋ. ಸಮುದಾಯದ ಸಂಘದವರನ್ನು ಕೇಳಿದಾಗ ಸ್ಕ್ಯಾನ್ ಮಾಡಿದ ಪುಟಗಳನ್ನೂ ನಡುವಿನ ಕಡತಗಳನ್ನೂ ಕಳಿಸಿಕೊಟ್ಟರು. ಮುನ್ನುಡಿಯಲ್ಲೇ ಉತ್ತರವಿತ್ತು. ‘ಗ’ ಎಂದು ಓದಬೇಕಾದ ಕಡೆ, ಅದು ಕ ವರ್ಗದ ಮೂರನೆಯ ಅಕ್ಷರವಾದ್ದರಿಂದ, ಅಕ್ಷರದ ಹೆಗಲ ಮೇಲೆ ಸಣ್ಣದೊಂದು 3 ಹಾಕಿದೆ ಎಂದು ಬರೆದಿದ್ದರು. ತಮಿಳಿನ ಹಳೆಯ ಸ್ತೋತ್ರ ಪುಸ್ತಕಗಳಲ್ಲೂ ಈ ಪದ್ಧತಿ ಉಂಟು. ಓಸಿಆರ್ ಆ ಮೂರುಗಳನ್ನು ಬಹುಮಟ್ಟಿಗೆ ಸರಿಯಾಗಿಯೇ ಹಿಡಿದಿತ್ತು. ತಿದ್ದಿದವರು ಅವನ್ನು ಅಡಿಟಿಪ್ಪಣಿಯ ಸಂಖ್ಯೆಗಳೆಂದು ತಿಳಿದು ಒಂದೇ ಏಟಿಗೆ ಅಳಿಸಿದ್ದರು. ಆಮೇಲೆ ಒಂದೇ ಶೀರ್ಷಿಕೆ ಎರಡು ಸಲ ಕಂಡಿದ್ದರಿಂದ ಎರಡೂ ಪಟ್ಟಿಗಳನ್ನು ಸೇರಿಸಿಬಿಟ್ಟಿದ್ದರು.

ಸುಬ್ಬಣ್ಣನವರಿಗೆ ಫೋನ್ ಮಾಡಿ ಇದನ್ನೆಲ್ಲ ವಿವರಿಸಿದೆ. ಅವರು ಒಪ್ಪಲಿಲ್ಲ. “ಇವತ್ತು ನೀವು ಮೂರು ಸೇರಿಸ್ತೀರಿ, ನಾಳೆ ಇನ್ನೊಬ್ರು ಎಡುತ್ತುಬಿಡ್ತಾರೆ. ಯಾವುದನ್ನಮ್ಮಾ ನಂಬೋದು?”

ಕೋಪ ಬಂತು. ಆದರೂ ಅವರ ಪ್ರಶ್ನೆ ನ್ಯಾಯವಾದದ್ದೇ. ನಿಮ್ಮ ಮನೆಯಲ್ಲಿ ಆ ಪುಸ್ತಕ ಇದೆಯೇ ಎಂದು ಕೇಳಿದೆ. ದೇವರ ಕೋಣೆಯಲ್ಲಿತ್ತು.

ಭಾನುವಾರ ಅವರೇ ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಟೌನ್ ಬಸ್ಸಿನಲ್ಲಿ ಬಂದರು. ತಂದೆ ಮಗಳೂ ಬಂದಿದ್ದರು. ಸುಬ್ಬಣ್ಣನವರು ಕನ್ನಡಕ ಹಾಕಿಕೊಂಡು ಪುಟ ತೆಗೆದರು. ರಂಗಸಾಮಿಯವರ ಮನೆತನವಿದ್ದ ಶೀರ್ಷಿಕೆಯ ಮೇಲೆ 3 ಇತ್ತು. ಸುಬ್ಬಣ್ಣನವರ ಮನೆತನದ್ದರ ಮೇಲೆ ಇರಲಿಲ್ಲ. ಅಷ್ಟಕ್ಕೆ ಅವರಿಗೆ ತೃಪ್ತಿಯಾಗಲಿಲ್ಲ. ತಮಗೆ ಚೆನ್ನಾಗಿ ಗೊತ್ತಿದ್ದ ಬೇರೆ ಕುಲಗಳನ್ನು ಹುಡುಕಿದರು. ಗಾಣದವರಿಗೆ ಮೂರು ಇತ್ತು. ಕಲ್ಲಿನವರಿಗೆ ಇರಲಿಲ್ಲ. ಹೀಗೆ ಒಂದೊಂದೇ ಹೆಸರನ್ನು ಬಾಯಲ್ಲಿ ಹೇಳಿಕೊಂಡು ಬೆರಳಿಟ್ಟು ನೋಡುತ್ತಾ ಹೋದರು.

ಕೊನೆಗೆ ಪುಸ್ತಕ ಮುಚ್ಚಿ ಕವಿತಾಳ ಕಡೆ ತಿರುಗಿದರು. “ಆವಣಿ ನಾಳ್ ಮಾತ್ತೋದು ಬೇಡಮ್ಮಾ ಮರುಮಗಳೇ. ಗೊತ್ತಾದ ದಿನವೇ ಇರ್ಲಿ.”

ಸೊಸೆ ಎಂದು ಕರೆದದ್ದು ಕೇಳಿದ್ದೇ ರಂಗಸಾಮಿ ಎದ್ದು ಅವರ ಕೈ ಹಿಡಿದುಕೊಂಡರು. ಕವಿತಾ ಫೋನ್ ಹಿಡಿದು ಆಗಲೇ ಬಾಗಿಲಾಚೆ ಹೋಗಿದ್ದಳು.

ಹೊರಡುವ ಮುಂಚೆ ಸುಬ್ಬಣ್ಣನವರು ನನಗೊಂದು ಮಾತು ಹೇಳಿದರು: “ನೀವು ಟೈಪ್ ಮಾಡಿದ್ದರ ಪಕ್ಕ ಪುಸ್ತಕದ ಪಟವೂ ಇರ್ಲಿ. ನೋಡೋರು ಅವ್ರೇ ನೋಡ್ಕೊಳ್ಳಿ.”

ಸಂಘದವರು ಇಡೀ ಪುಸ್ತಕವನ್ನು ನಮಗೇ ಒಪ್ಪಿಸಿದರು. ಹಾಗೆಯೇ ಮಾಡಿದೆವು. ಪ್ರತಿ ಪುಟದ ಚಿತ್ರ, ಅದರ ಪಕ್ಕದಲ್ಲಿ ಹೆಗಲ ಮೇಲಿನ ಮೂರುಗಳನ್ನು ಉಳಿಸಿಕೊಂಡ ತಮಿಳು ಪಠ್ಯ, ಕೆಳಗೆ ಕ ಮತ್ತು ಗ ಬೇರೆ ಬೇರೆಯಾಗಿಯೇ ಕಾಣುವ ಕನ್ನಡ ಲಿಪಿ. ನಿಶ್ಚಿತಾರ್ಥಕ್ಕೆ ನನ್ನನ್ನೂ ಕರೆದಿದ್ದರು. ಹೋಗಿ ಉಂಡು ಬಂದೆ.

ಅಂದಿನಿಂದ ನಮ್ಮ ಕಚೇರಿಯಲ್ಲಿ ಯಾವ ಪುಸ್ತಕ ಬಂದರೂ ಮೊದಲ ದಿನ ಸ್ಕ್ಯಾನರ್ ಮುಟ್ಟುವುದಿಲ್ಲ. ಕೂತು ಮುನ್ನುಡಿ ಓದುತ್ತೇವೆ. ಅರ್ಥವಾಗದ ಗುರುತೊಂದು ಕಂಡರೆ ಅದನ್ನು ಅಳಿಸುವ ಮೊದಲು, ಅದು ಯಾರ ಮನೆಯ ಹೆಸರಿಗೆ ಸೇರಿದ್ದು ಎಂದು ಕೇಳುತ್ತೇವೆ.