ಹೆಗ್ಗಣಕ್ಕೆ ಗಂಡು ಹುಡುಕಿದ್ದು

"ಆಗೋ ಮಾತಲ್ಲ" ಅಂದವರು ನಮ್ಮ ದೊಡ್ಡಪ್ಪ. ದಿಬ್ಬೂರಹಳ್ಳಿಯ ನಮ್ಮ ಮನೆಯಲ್ಲಿ ನನಗಿಂತ ಮೊದಲು ಯಾರೂ ಡಿಗ್ರಿ ಮುಗಿಸಿರಲಿಲ್ಲ, ಹೆಮ್ಮೆಯಿಂದಲೇ ಹೇಳ್ತೀನಿ. ಅದು ಸಾಲದೆ ಪಿಎಚ್‌ಡಿಗೆ ಆಸ್ಟ್ರೇಲಿಯಾಕ್ಕೆ ಹೊರಟೆ. ಅಳಿದುಹೋಗುತ್ತಿರುವ ಒಂದು ಪ್ರಾಣಿಯನ್ನು ಗೂಡಿನಲ್ಲಿ ಸಾಕಿ ಮರಿ ಮಾಡಿಸುವ ಸಂಶೋಧನೆ. ಕಾಂಗರೂವಿನ ಹಾಗೆ ಅದಕ್ಕೂ ಹೊಟ್ಟೆಯಲ್ಲಿ ಚೀಲ. ಉಳಿದಂತೆ ಥೇಟ್ ಹೆಗ್ಗಣ.

"ನಾವಿಲ್ಲಿ ರೇಷ್ಮೆಹುಳ ಉಳಿಸ್ಕೊಳ್ಳೋಕೆ ಹೆಗ್ಗಣಕ್ಕೆ ಬೋನು ಇಡ್ತೀವಿ. ಇವಳು ಹೆಗ್ಗಣ ಉಳಿಸೋಕೆ ವಿಮಾನ ಹತ್ತುತಾಳಂತೆ! ಅದು ಮರಿ ಹಾಕಿದ ಹಾಗೇ, ಇವಳು ಡಾಕ್ಟರ್ ಆದ ಹಾಗೇ."

ಹೋದ ಮೇಲೆ ಅವರ ಮಾತೇ ನಿಜವಾಗುವ ಹಾಗಿತ್ತು. ನಾನು ಜೋಡಿ ಮಾಡಿದ ಗಂಡು ಹೆಣ್ಣು ಕಚ್ಚಾಡಿಕೊಂಡವು. ಮರಿ ಆಗದಿದ್ದರೆ ಪ್ರಬಂಧದ ಕೊನೆಯ ಅಧ್ಯಾಯವಿಲ್ಲ, ಅದಿಲ್ಲದೆ ಪದವಿಯಿಲ್ಲ ಅಂತ ಗೈಡ್ ಹೇಳಿಬಿಟ್ಟರು.

ಈ ಕಷ್ಟವನ್ನು ಮನೆಯವರ ಹತ್ತಿರ ವಿಡಿಯೋ ಕಾಲ್‌ನಲ್ಲಿ ತೋಡಿಕೊಂಡೆ. ಚಿಂತಾಮಣಿಯಿಂದ ಗೌರಿಬಿದನೂರಿನ ತನಕ ನಮ್ಮ ಬಳಗದ ಸಂಬಂಧಗಳನ್ನೆಲ್ಲ ಕುದುರಿಸಿದವರು ದೊಡ್ಡಪ್ಪ. ಎದ್ದು ಕೂತರು.

"ಆ ಹೆಣ್ಣಿಗೆ ಸೋದರಮಾವ ಇಲ್ವೇನಮ್ಮ?"

"ಇದ್ದಾನೆ ದೊಡ್ಡಪ್ಪ, ಪಕ್ಕದ ಗೂಡಲ್ಲೇ."

"ಮತ್ತಿನ್ನೇನು! ಮನೇಲೇ ಗಂಡು ಇಟ್ಕೊಂಡು ಊರೆಲ್ಲಾ ಹುಡುಕ್ತಾರಾ?"

ಉಳಿದಿರುವುದೇ ಕೆಲವು, ರಕ್ತಸಂಬಂಧದಲ್ಲೇ ಕೂಡಿಸಿದರೆ ಪೀಳಿಗೆ ಸೊರಗುತ್ತೆ ಅಂತ ನಾನು ಹೊಸ ಹುರುಪಿನಲ್ಲಿ ಉಪನ್ಯಾಸ ಕೊಟ್ಟೆ. ದೊಡ್ಡಪ್ಪ ಮದುವೆಯಾಗಿದ್ದು ಸ್ವಂತ ಅಕ್ಕನ ಮಗಳನ್ನು ಅನ್ನೋದು ಉಪನ್ಯಾಸ ಮುಗಿದ ಮೇಲೆ ನೆನಪಾಯಿತು. ಅಷ್ಟರಲ್ಲಿ ಅಡುಗೆಮನೆಯಿಂದ ದೊಡ್ಡಮ್ಮನ ದನಿ: "ಇದನ್ನ ಆವತ್ತು ನಮ್ಮಪ್ಪನಿಗೆ ಯಾರೂ ಹೇಳ್ಲಿಲ್ವಲ್ಲೇ ತಾಯಿ!"

ದೊಡ್ಡಪ್ಪ ಫೋನಿಗೆ ಬರೋದನ್ನೇ ಬಿಟ್ಟರು. ನಾನು ಪ್ರಾಣಿಗಳ ವಂಶಾವಳಿ ಜಾಲಾಡಿ, ದೂರದ ಇನ್ನೊಂದು ಕೇಂದ್ರದಿಂದ ಗಂಡು ತರಿಸಿದೆ. ಅದೂ ಮೊದಲು ಒದೆ ತಿಂದಿತು. ಕೆಲವು ವಾರ ಕಳೆದು ಹೆಣ್ಣಿನ ಚೀಲ ಬಿಡಿಸಿ ನೋಡಿದರೆ, ಅಲಸಂದೆ ಕಾಳಿನಷ್ಟು ಮರಿಗಳು ಮೊಲೆ ಕಚ್ಚಿಕೊಂಡಿದ್ದವು! ಗೈಡ್‌ಗಿಂತ ಮೊದಲು ಮನೆಗೆ ಫೋನ್ ಮಾಡಿದೆ. ಎತ್ತಿದವರು ದೊಡ್ಡಪ್ಪ.

"ಗಂಡು ಯಾವೂರಿಂದು?" ಅಂದರು, ಅಷ್ಟೇ.

ಪದವಿ ಪತ್ರದ ಜೊತೆ ಊರಿಗೆ ಬಂದಾಗ ಅವರು ಹುಳುಮನೆಯ ಮುಂದೆ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಿದ್ದರು. ಟವಲ್ಲಿಗೆ ಕೈ ಒರೆಸಿಕೊಂಡರು. ಪತ್ರ ಅವರ ಕೈಗೇ ಕೊಟ್ಟೆ. ಬಿಸಿಲಿಗೆ ಹಿಡಿದು ಹಿಂದೆ ಮುಂದೆ ನೋಡಿದರು.

"ಹೆತ್ತಿದ್ದು ಅದು, ಹೆಸರು ನಿಂದೊಂದೇ ಹಾಕವ್ರಲ್ಲ?" ಅಂದರು. ಪತ್ರ ನನಗೇ ವಾಪಸ್ ಕೊಡುತ್ತಾ, "ಆದ್ರೂ ಸಂಬಂಧ ಕುದುರಿಸೋದು ಏನ್ ಸುಲಭಾನಾ? ಇಟ್ಕೊಳಮ್ಮ, ನ್ಯಾಯವಾಗೇ ಬಂದೈತೆ."