ಹಸಿರು ಚಕ್ಕೋತ

ಬೆರಳಿನಿಂದ ಚಕ್ಕೋತದ ಸಿಪ್ಪೆಯ ವಾಸನೆ ಇನ್ನೂ ಹೋಗಿಲ್ಲ. ಸಾಬೂನು ಹಾಕಿ ತೊಳೆದದ್ದೂ ಆಯಿತು. ವಾಸನೆ ಇರುವಾಗಲೇ ಬರೆದುಬಿಡಬೇಕು; ಅದು ಹೋದ ಮೇಲೆ ನಾನು ಹೇಳುವುದನ್ನು ನೀವು ಅಷ್ಟಾಗಿ ನಂಬಬೇಡಿ.

ನಾವುಂದದ ನಮ್ಮ ಹಿತ್ತಲ ಮರದಲ್ಲಿ ಈ ವರ್ಷ ಉಳಿದದ್ದು ಒಂದೇ ಕಾಯಿ. ಅಕ್ಕ ಅದಕ್ಕೆ ಆಸೆಪಟ್ಟಿದ್ದಳು. ಅವಳ ಜ್ವರ ಬಿಟ್ಟಿತ್ತು, ಬಿಡುವಾಗ ನಾಲಗೆಯ ರುಚಿಯನ್ನೂ ಒಯ್ದಿತ್ತು. ಗಂಜಿಯೂ ಮೀನಿನ ಸಾರೂ ಅವಳಿಗೆ ಒಂದೇ, ಬೆಚ್ಚಗಿನ ನೀರು. ಎರಡು ತುತ್ತಿಗೇ ಬಟ್ಟಲು ಸರಿಸುವಳು. ಬಳೆಗಳು ಮೊಣಕೈವರೆಗೆ ಜಾರತೊಡಗಿದ್ದವು. "ಅತ್ತೆ ಮನಿ ಚಕ್ಕೋತ ಆರೆ ತಿಂತಿದ್ನೇನೋ," ಅಂದಿದ್ದಳು ಬಾರ್ಕೂರಿನಿಂದ ಫೋನಿನಲ್ಲಿ. ನಮ್ಮ ಮರ ಅತ್ತೆಯ ಮರದ ಬೀಜದ್ದೇ.

ಕುಂಭಾಶಿಯ ಅತ್ತೆ, ಅಪ್ಪನ ಅಕ್ಕ, ಯಾವಾಗ ಕೊಯ್ಯಬೇಕೆಂದು ಬಲ್ಲವರಾಗಿದ್ದರು. ನನ್ನ ನೆನಪಿನಲ್ಲಿ ಅವರು ಕಣ್ಣು ಮುಚ್ಚಿ, ಮೀಯಿಸುವಾಗ ಮಗುವಿನ ತಲೆ ಹಿಡಿದಂತೆ, ಕೊಂಬೆಯಲ್ಲಿದ್ದ ಕಾಯಿಯನ್ನು ಎರಡೂ ಅಂಗೈಯಲ್ಲಿ ಎತ್ತುತ್ತಾರೆ. "ಬಣ್ಣ ಕಾಂಬುಕಾಗ ಹೆಣೆ, ತೂಕ ಕಾಣ್ಕ್. ಇದ್ ಮಾವಿನಕಾಯಿ ಅಲ್ದ, ಹುಲ್ಲಂಗೆ ಮುಚ್ಚಿಟ್ಟ್ ಹಣ್ಣ್ ಮಾಡುಕೆ." ಗುರುತು ಬಣ್ಣವಲ್ಲ, ತೂಕ; ಕೊಯ್ದಲ್ಲಿಗೆ ಮುಗಿಯಿತು, ಕಹಿಯಿದ್ದರೆ ಕಹಿಯೇ. ಸುತ್ತ ಬಿಸಿಲು, ಹಣ್ಣು ಬಂಗಾರದ ಹಳದಿ, ಅತ್ತೆಯ ಮೂಗುತಿಯೂ ಹಳದಿ.

ಚಿತ್ರ ತೀರಾ ಚೆನ್ನಾಗಿದೆ. ಅದಕ್ಕೇ ನನಗೆ ಅನುಮಾನ.

ಇವತ್ತು ಬೆಳಿಗ್ಗೆ ಅಕ್ಕ ಬಸ್ಸಿಳಿದು ಬಂದಳು. ಮೋಡ ಮುಚ್ಚಿತ್ತು. ನಾನು ಅತ್ತೆಯ ಹಾಗೆಯೇ ಕಣ್ಣು ಮುಚ್ಚಿ ಕಾಯಿ ಎತ್ತಿದೆ. ಎಷ್ಟು ಭಾರವಿದ್ದರೆ ಭಾರ? ಅಂಗೈಗೆ ಏನೂ ಹೊಳೆಯಲಿಲ್ಲ.

"ಇನ್ನೂ ಹಸ್ರ್ ಇತ್ತಲೆ ಅಕ್ಕ. ಹಳದಿ ಆಗ್ಲಿ."

"ನಮ್ಮ್ ಬದಿಯಂಗೆ ಹಳದಿ ಆಪುಕೆ ಚಳಿ ಎಲ್ಲಿತ್ತ್ ಮಾರಾಯ್ತಿ? ಅತ್ತೆ ಮನಿದೂ ಹಸ್ರೇ."

"ಹಳದಿ! ಅತ್ತೆ ತೂಕ ಕಂಡ್ ಕೊಯ್ತಿದ್ರ್."

"ಎಂತ ತೂಕ! ನೀ ಮರ್ಕುಕೆ ಶುರು ಮಾಡ್ದ್ ಕೂಡ್ಲೆ ಕೊಯ್ತಿದ್ರ್, ನಿನ್ನ್ ಬಾಯಿ ಮುಚ್ಚುಕೆ."

ನಾನು ಅತ್ತದ್ದು ನನ್ನ ಚಿತ್ರದಲ್ಲೇ ಇಲ್ಲ.

ಇನ್ನೊಂದು ವಾರ ಬಿಡೋಣ ಎಂದೆ. ಅಕ್ಕ ಕೇಳಲಿಲ್ಲ; ಹಿಡಿದು ತಿರುಚಿದಳು, ಟಪ್ಪೆಂದು ಬಂತು. ಜಗಲಿಯಲ್ಲಿ ಕೂತು ದಪ್ಪ ಸಿಪ್ಪೆ ಬಿಡಿಸಿದೆ. ಮೊದಲ ತೊಳೆ ಅವಳಿಗೆ ಕೊಟ್ಟೆ. ಅಗಿದಳು. ಕಡಲಿನ ಕಡೆ ಮುಖ ಮಾಡಿ, ಬಹು ದೂರದ ಏನನ್ನೋ ಕೇಳಿಸಿಕೊಳ್ಳುವವಳಂತೆ, ಅಗಿಯುತ್ತಲೇ ಇದ್ದಳು. ಆಮೇಲೆ ಮುಖ ಕಿವುಚಿದಳು.

"ಥೂ! ಕಹಿ!"

ಉಗಿದಳು. ನನ್ನನ್ನೇ ನೋಡಿದಳು. "ಹೆಣೆ, ಕಹಿ ಕಾಣ್! ನಂಗೆ ಕಹಿ ಗೊತ್ತಾತ್!"

ಇನ್ನೊಂದು ತೊಳೆಗೆ ಕೈ ಚಾಚಿದಳು. ಮತ್ತೆ ಥೂ. ಮತ್ತೆ ಇನ್ನೊಂದು. ನಾನೂ ಬಾಯಿಗಿಟ್ಟೆ; ವಿಷದಂಥ ಕಾಯಿ. ಕಣ್ಣಲ್ಲಿ ನೀರಿಳಿಯುವವರೆಗೆ ಇಬ್ಬರೂ ತಿಂದೆವು.

ಕೊಯ್ಯುವ ಹೊತ್ತಾಗಿತ್ತೋ ಇಲ್ಲವೋ, ಕೇಳಲು ಅತ್ತೆ ಇಲ್ಲ. ಅಕ್ಕ ಒಳಗೆ ಗಂಜಿಗೆ ಉಪ್ಪು ಸಾಲದೆಂದು ಕೂಗುತ್ತಿದ್ದಾಳೆ. ಇಲ್ಲಿ, ಬರೆಯುತ್ತಿರುವಂತೆಯೇ, ನನ್ನ ನೆನಪಿನಲ್ಲಿ ಅವಳ ಕೈಯಲ್ಲಿದ್ದ ಕಾಯಿ ಸದ್ದಿಲ್ಲದೆ ಹಳದಿಯಾಗತೊಡಗಿದೆ. ಎಲ್ಲಿಂದಲೋ ಬಿಸಿಲೂ ಬಂದಿದೆ. ಬೆರಳು ಮೂಸಿಕೊಳ್ಳುತ್ತೇನೆ.

ಹಸಿರು. ಅದು ಹಸಿರೇ ಇತ್ತು.